ಹೊಟ್ಟೆಯಡಿ ಕುದುರೆಯಿರುವ ಕೋವಿ

ಮಲೆನಾಡಿನ ಮನೆಗಳಲ್ಲಿ ಬೆಳೆದವರಿಗೆ ಕೇಪಿನ ಕೋವಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ ಗಜವೆಂಬ ಉದ್ದನೆಯ ಸರಳಿನಿಂದ ಜಡಿದು, ಅದರ ಮೇಲೆ ಚರೆಯನ್ನೋ ಗುಂಡನ್ನೋ ಇಳಿಸಿ, ಕಟ್ಟಕಡೆಗೆ ಬಲಮಗ್ಗುಲಿನ ನಿಪ್ಪಲ್ಲಿಗೆ, ಅಂದರೆ ತೂತಿರುವ ಪುಟ್ಟ ಮೊನೆಗೆ, ಪೆಟ್ಟು ಬಿದ್ದರೆ ಸಿಡಿಯುವ ತಾಮ್ರದ ಕೇಪು ತೊಡಿಸುವ ಆ ಕ್ರಮವನ್ನು ಕೊಪ್ಪದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಅಜ್ಜಯ್ಯನ ಕೈಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಗದ್ದೆಗೆ ಹಂದಿ ಇಳಿಯುವ ತಿಂಗಳುಗಳಲ್ಲಿ ಕೋವಿ ಗೋಡೆಯಿಂದ ಕೆಳಗಿಳಿಯುತ್ತಿತ್ತು. ಚುನಾವಣೆ ಬಂದರೆ ಠಾಣೆಗೆ ಹೋಗಿ, ಮತ ಎಣಿಕೆ ಮುಗಿದ ಮೇಲೆ ಮನೆಗೆ ಮರಳುತ್ತಿತ್ತು. ಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ಹಾಗಾಗಿ ಕೇಪಿಗೆ ಬಡಿಯುವ ಕುದುರೆಯ ಹಿಂದೆ, ಆ ಕಬ್ಬಿಣದ ತಗಡಿನ ಒಳಗೆ ಏನಿದೆ ಎಂಬುದು ನನಗೆ ತಿಳಿಯದೆಯೇ ಉಳಿಯಿತು.

ಈಗ ನಾನಿರುವುದು ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ, ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ. ಇಲ್ಲಿಗೆ ಹತ್ತಿರದ ವಿಂಡ್ಸರ್ ಪಟ್ಟಣದಲ್ಲಿ 1846ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಬಂದೂಕು ಕಾರ್ಖಾನೆಯೊಂದಿದೆ. ರಾಬಿನ್ಸ್ ಮತ್ತು ಲಾರೆನ್ಸ್ ಎಂಬ ಪಾಲುದಾರರು ನಡೆಸುತ್ತಿದ್ದ ಆ ಕಾರ್ಖಾನೆಯ ರೈಫಲುಗಳು 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಹೋಗಿದ್ದವು. ಒಂದರ ಬಿಡಿಭಾಗವನ್ನು ಇನ್ನೊಂದಕ್ಕೆ ಹಾಕಿದರೂ ಸರಿಯಾಗಿ ಕೂರುವುದನ್ನು ಕಂಡ ಬ್ರಿಟಿಷ್ ಸರ್ಕಾರ ತನ್ನ ಎನ್‌ಫೀಲ್ಡ್ ಕಾರ್ಖಾನೆಗೆ ಇಲ್ಲಿಂದಲೂ ಯಂತ್ರಗಳನ್ನು ತರಿಸಿಕೊಂಡಿತು. ಈಗ ಆ ಕಟ್ಟಡ ಅಮೆರಿಕನ್ ಪ್ರಿಸಿಷನ್ ಮ್ಯೂಸಿಯಂ ಆಗಿದೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಆ ಪ್ರಸಿದ್ಧ ಕಥೆಯಲ್ಲ, ಅದಕ್ಕೂ ಮೊದಲು ಈ ಊರಿನಲ್ಲಿ ನಡೆದ ಕೆಲಸ. 1830ರ ದಶಕದಲ್ಲಿ ನಿಕನೋರ್ ಕೆಂಡಾಲ್ ಎಂಬ ಕೋವಿ ಕೆಲಸಗಾರ ವಿಂಡ್ಸರ್ ಜೈಲಿನ ಕೈದಿಗಳ ದುಡಿಮೆಯನ್ನೂ ಬಳಸಿಕೊಂಡು ವಿಚಿತ್ರವಾದೊಂದು ಬಗೆಯ ರೈಫಲ್ ಮಾಡಿಸುತ್ತಿದ್ದ. ಅದರ ಕುದುರೆ ಮಗ್ಗುಲಲ್ಲಿರಲಿಲ್ಲ, ನಳಿಗೆಯ ಅಡಿಯಲ್ಲಿತ್ತು. ಅದೇ ಊರಿನ ಏಸಾ ಸ್ಟೋರಿ, ಹೊಳೆಯಾಚೆ ನ್ಯೂ ಹ್ಯಾಂಪ್‌ಶೈರಿನ ಕಾರ್ನಿಷ್‌ನಲ್ಲಿದ್ದ ಡೇವಿಡ್ ಹಿಲಿಯರ್ಡ್ ಕೂಡ ಇದೇ ಬಗೆಯವನ್ನು ಮಾಡಿದರು. ಇವಕ್ಕೆ ಅಂಡರ್‌ಹ್ಯಾಮರ್ ಎಂದು ಹೆಸರು. ನಮ್ಮ ಮಾತಿನಲ್ಲಿ ಹೊಟ್ಟೆಯಡಿ ಕುದುರೆಯಿರುವ ಕೋವಿ ಎನ್ನಬಹುದು.

ಗಾಜಿನ ಪೆಟ್ಟಿಗೆಯೊಳಗಿದ್ದ ಅಂಥದೊಂದನ್ನು ಮೊದಲು ಕಂಡಾಗ ಯಾವುದೋ ಭಾಗ ಕಳಚಿಹೋಗಿದೆ ಎಂದುಕೊಂಡೆ. ಎರಡೂ ಮಗ್ಗುಲು ನುಣ್ಣಗೆ ಬೋಳಾಗಿದ್ದವು. ಬಗ್ಗಿ ಕೆಳಗಿನಿಂದ ನೋಡಿದಾಗಲೇ ನಿಪ್ಪಲ್ಲೂ ಅದಕ್ಕೆ ಎದುರಾಗಿ ಬಾಗಿದ ಸಣ್ಣ ಕುದುರೆಯೂ ಕಾಣಿಸಿದವು. ಇದನ್ನು ಕೈಯಾರೆ ಮಾಡಬೇಕೆಂಬ ಆಸೆ ಹುಟ್ಟಿದ್ದು ಆ ದಿನ. ಪಕ್ಕದ ಮನೆಯ ಹಿರಿಯರೊಬ್ಬರು ಆಯುಷ್ಯವಿಡೀ ಲೇತ್ ಯಂತ್ರದ ಮುಂದೆ ದುಡಿದವರು, ಬಾಯಿಂದ ಮದ್ದು ತುಂಬುವ ಬಂದೂಕುಗಳನ್ನು ಸ್ವಂತಕ್ಕೆ ಮಾಡಿಕೊಂಡವರು. ಅವರ ಕೊಟ್ಟಿಗೆಯಲ್ಲಿ ಎರಡು ಚಳಿಗಾಲ, ಶನಿವಾರ ಭಾನುವಾರಗಳಲ್ಲಿ ಕುಳಿತು ನನ್ನ ಕೋವಿ ಮಾಡಿದೆ. ಇಂಥ ಕೋವಿಯನ್ನು ಇಲ್ಲಿನ ಕೇಂದ್ರ ಕಾನೂನು ಹಳೆಯ ಕಾಲದ ಬಂದೂಕುಗಳ ಸಾಲಿಗೆ ಸೇರಿಸಿ, ಆಧುನಿಕ ಬಂದೂಕಿನ ನಿಯಮಗಳಿಂದ ಹೊರಗಿಟ್ಟಿದೆ. ರಾಜ್ಯಗಳ ಕಾನೂನು ಬೇರೆ ಬೇರೆ ಇರುವುದರಿಂದ ಅದನ್ನೂ ವಿಚಾರಿಸಿಕೊಂಡೇ ಕೈಹಾಕಿದೆ.

ಕೇಪು ಬರುವ ಮೊದಲು ಬಂದೂಕುಗಳು ಚಕಮಕಿ ಕಲ್ಲಿನ ಕಿಡಿಯಿಂದ ಹಾರುತ್ತಿದ್ದವು. ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಬಂದೂಕಿಗೆ ಬಳಸುವ ವಿಧಾನಕ್ಕೆ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1807ರಲ್ಲಿ ಪೇಟೆಂಟ್ ಪಡೆದ. ಕೆಲವೇ ವರ್ಷಗಳಲ್ಲಿ ಆ ರಾಸಾಯನಿಕ ಪುಟ್ಟ ತಾಮ್ರದ ಟೊಪ್ಪಿಯೊಳಗೆ ಸೇರಿ ಕೇಪು ಆಯಿತು. ಚಕಮಕಿಯ ಕಾಲದಲ್ಲಿ ಮೊದಲು ಕಿಡಿ ಹಿಡಿಯುವ ಬತ್ತಿಮದ್ದನ್ನು ತೆರೆದ ಬಟ್ಟಲಿನಲ್ಲಿ ಇಡಬೇಕಾಗಿದ್ದುದರಿಂದ ಆ ಬಟ್ಟಲು ಮೇಲ್ಮುಖವಾಗಿ ಮಗ್ಗುಲಲ್ಲಿರುವುದು ಅನಿವಾರ್ಯವಾಗಿತ್ತು. ಕೇಪಿಗೆ ಆ ಕಟ್ಟುಪಾಡಿಲ್ಲ. ಆದರೂ ಹೆಚ್ಚಿನ ಕೆಲಸಗಾರರು ಹಳೆಯ ರೂಢಿಯಂತೆ ಕುದುರೆಯನ್ನು ಮಗ್ಗುಲಲ್ಲೇ ಉಳಿಸಿಕೊಂಡರು. ನಮ್ಮ ಅಜ್ಜಯ್ಯನ ಕೋವಿಯೂ ಅದೇ ವಂಶದ್ದು. ಅಲ್ಲಿ ಕೇಪಿನ ಬೆಂಕಿ ನಿಪ್ಪಲ್ಲಿನಿಂದ ಇಳಿದು, ಮೊಣಕೈಯಂತೆ ತಿರುಗಿ, ಆಮೇಲೆ ಮದ್ದನ್ನು ಮುಟ್ಟಬೇಕು. ಅಂಡರ್‌ಹ್ಯಾಮರಿನಲ್ಲಿ ನಿಪ್ಪಲ್ಲನ್ನು ನಳಿಗೆಯ ಅಡಿಗೇ ನೇರವಾಗಿ ತಿರುಪಿ ಕೂರಿಸುತ್ತಾರೆ. ಬೆಂಕಿ ತಿರುವಿಲ್ಲದೆ ನೆಟ್ಟಗೆ ಮದ್ದಿಗೆ ಹಾಯುತ್ತದೆ. ಕೇಪು ಒಡೆದ ಚೂರು, ಹೊಗೆ ಎಲ್ಲ ನೆಲದ ಕಡೆಗೆ ಹೋಗುತ್ತವೆ, ಕಣ್ಣಿನ ಕಡೆಗಲ್ಲ. ಗುರಿ ನೋಡುವಾಗ ದೃಷ್ಟಿಗೆ ಅಡ್ಡವಾಗಿ ಏನೂ ಇರುವುದಿಲ್ಲ.

ಇದಕ್ಕಿಂತ ನನಗೆ ಹಿಡಿಸಿದ ಗುಣ ಬೇರೆ. ಇದರಲ್ಲಿ ಅಲುಗಾಡುವ ಭಾಗಗಳು ಮೂರೇ ಮೂರು: ಕುದುರೆ, ಟ್ರಿಗರ್, ಸ್ಪ್ರಿಂಗು. ನಾನು ಆರಿಸಿಕೊಂಡ ಮಾದರಿಯಲ್ಲಿ ಸ್ಪ್ರಿಂಗು ಬೇರೆಯಾಗಿ ಒಳಗಿಲ್ಲ. ಟ್ರಿಗರನ್ನು ಸುತ್ತುವರಿದ ಉಕ್ಕಿನ ಬಳೆಯೇ ಸ್ಪ್ರಿಂಗು. ಅದರ ತುದಿ ಕುದುರೆಯ ಬುಡವನ್ನು ಒತ್ತಿ ಹಿಡಿದಿರುತ್ತದೆ. ಹೀಗಾಗಿ ಮುಚ್ಚಿದ ತಗಡಿನ ಹಿಂದೆ ಏನೂ ಅಡಗಿರುವುದಿಲ್ಲ. ಹೆಬ್ಬೆರಳಿಲ್ಲದೆ ತೋರುಬೆರಳಿನಿಂದ ಕುದುರೆಯನ್ನು ಕೆಳಗೆಳೆದರೆ ಬಳೆ ಬಾಗುವುದು, ಟ್ರಿಗರಿನ ಮೂಗು ಕುದುರೆಯ ಕಚ್ಚಿಗೆ ಟಕ್ಕೆಂದು ಕೂರುವುದು, ಎಲ್ಲವೂ ಕಣ್ಣೆದುರಿಗೇ ನಡೆಯುತ್ತದೆ. ಚಿಕ್ಕಂದಿನಲ್ಲಿ ಕಾಣಲಾಗದ್ದನ್ನು ಇಲ್ಲಿ ಬಿಸಿಲಿನಲ್ಲಿ ಹಿಡಿದು ನೋಡಬಹುದಾಗಿತ್ತು.

ನಳಿಗೆಯನ್ನು ಮಾತ್ರ ಸಿದ್ಧವಾಗಿ ಕೊಂಡೆ: ಎಂಟು ಮೂಲೆಯ, 32 ಅಂಗುಲ ಉದ್ದದ, .45 ಕ್ಯಾಲಿಬರಿನದು, ಅಂದರೆ ಒಳಬಾಯಿ .45 ಅಂಗುಲದ್ದು. ಮನೆಯಲ್ಲಿ ನಳಿಗೆಯೊಳಗೆ ಸುರುಳಿ ಗೀರು ಕೊರೆಯುವ ಸಾಹಸ ಬೇಡವೆಂಬುದು ಹಿರಿಯರ ಖಚಿತ ಮಾತಾಗಿತ್ತು. ನಳಿಗೆಯ ಹಿಂಬದಿ ಮುಚ್ಚುವ ಬುಡದ ಬಿರಡೆ ಕೂರಿಸುವ ಕೆಲಸದಲ್ಲಿ ಅವರು ನನ್ನ ಕೈಯನ್ನು ಎರಡು ಸಲ ತಡೆದರು. ಬಿರಡೆಯ ಮುಖ ನಳಿಗೆಯೊಳಗಿನ ಮೆಟ್ಟಿಲಿಗೆ ಸಂಪೂರ್ಣವಾಗಿ ಒತ್ತಿ ಕೂರದಿದ್ದರೆ ಆ ಸಂದಿಯಲ್ಲಿ ಮದ್ದಿನ ಕಸ ಸೇರಿ ತುಕ್ಕು ಹಿಡಿಯುತ್ತದೆ. ಮಸಿ ಬಳಿದು ತಿರುಪುವುದು, ಬಿಚ್ಚಿ ಮಸಿ ಎಲ್ಲಿ ಅಂಟಿದೆ ಎಂದು ನೋಡಿ ಅಷ್ಟನ್ನೇ ಅರದಿಂದ ಉಜ್ಜುವುದು, ಮತ್ತೆ ತಿರುಪುವುದು. ಹೀಗೆ ಇಡೀ ಒಂದು ಶನಿವಾರ ಹೋಯಿತು.

ಸ್ಪ್ರಿಂಗಿನದು ಅದಕ್ಕಿಂತ ದೊಡ್ಡ ಪಾಠ. ಉಕ್ಕಿನ ಪಟ್ಟಿಯನ್ನು ಕಾಸಿ ಬಳೆಯಂತೆ ಬಗ್ಗಿಸಿ, ಅಯಸ್ಕಾಂತಕ್ಕೆ ಅಂಟದಷ್ಟು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದೆ. ಆಗ ಉಕ್ಕು ಗಾಜಿನಂತೆ ಗಡುಸಾಗುತ್ತದೆ. ಅದನ್ನು ಬೆಳ್ಳಗೆ ಉಜ್ಜಿ, ಮತ್ತೆ ನಿಧಾನವಾಗಿ ಕಾಯಿಸಿ ಹದಕ್ಕೆ ತರಬೇಕು. ಕಾವು ಏರಿದಂತೆ ಉಕ್ಕಿನ ಮೈಮೇಲೆ ಬಣ್ಣಗಳು ಹರಿಯುತ್ತವೆ: ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಸ್ಪ್ರಿಂಗಿಗೆ ನೀಲಿಯೇ ಬೇಕು. ಮೊದಲ ಸಲ ಕಂದು ಬಣ್ಣ ಕಂಡೊಡನೆ ನಾನು ಬೆಂಕಿಯಿಂದ ತೆಗೆದುಬಿಟ್ಟೆ. ಜೋಡಿಸಿ ಕುದುರೆಯನ್ನು ನಾಲ್ಕನೆಯ ಸಲ ಎಳೆದಾಗ ಬಳೆ ಕಟಾರನೆ ಎರಡು ತುಂಡಾಗಿ, ಒಂದು ಚೂರು ಕೊಟ್ಟಿಗೆಯ ಹಲಗೆಗೆ ಬಡಿಯಿತು. ಕನ್ನಡಕ ಹಾಕಿದ್ದರಿಂದ ಏನೂ ಆಗಲಿಲ್ಲ. ಮುರಿದ ಅಂಚು ಸಕ್ಕರೆ ಹರಳಿನಂತೆ ಮಿನುಗುತ್ತಿತ್ತು. ನಮ್ಮೂರಿನ ಆಚಾರ್ರು ಕತ್ತಿಗೆ ಹದ ಕೊಡುವಾಗ ಕುಲುಮೆಯ ಬಾಗಿಲನ್ನು ಅರ್ಧ ಮುಚ್ಚಿ ಕತ್ತಲು ಮಾಡಿಕೊಳ್ಳುತ್ತಿದ್ದುದು ಏಕೆಂದು ಆ ಕ್ಷಣ ಹೊಳೆಯಿತು. ಹೊರಗಿನ ಬೆಳಕಿನಲ್ಲಿ ಕಾದ ಉಕ್ಕಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಎರಡನೆಯದನ್ನು ಕಿಟಕಿಗೆ ಗೋಣಿ ಕಟ್ಟಿ, ನೀಲಿ ಬಣ್ಣ ಬಳೆಯ ಉದ್ದಕ್ಕೂ ಒಂದೇ ಸಮನಾಗಿ ಹರಿಯುವವರೆಗೆ ಕಾದು ತೆಗೆದೆ. ಇಂದಿಗೂ ಅದೇ ಕೆಲಸ ಮಾಡುತ್ತಿದೆ.

ಮರದ ಹಿಡಿಗೆ ಇಲ್ಲಿನ ಮೇಪಲ್ ಮರ. ಮಗ್ಗುಲಿನ ಕುದುರೆಯ ಕೋವಿಯಾಗಿದ್ದರೆ ಅದರ ಯಂತ್ರ ಕೂರಲು ಮರವನ್ನು ಕೂದಲೆಳೆಯಷ್ಟು ಅಳತೆಯಲ್ಲಿ ಕೆತ್ತಬೇಕಿತ್ತು. ಇಲ್ಲಿ ಆ ಕಷ್ಟವಿಲ್ಲ. ಬಣ್ಣ ಹಾಕಿದ ವಿಧಾನವನ್ನು ಮಾತ್ರ ಹೇಳಲೇಬೇಕು. ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣ ಕರಗಿಸಿದ ದ್ರಾವಣವನ್ನು ಬಿಳಿಯ ಮರಕ್ಕೆ ಬಳಿದರೆ ಅದು ಹಸಿರು ಮಿಶ್ರಿತ ಬೂದಿ ಬಣ್ಣಕ್ಕೆ ತಿರುಗಿ, ಕೆಟ್ಟೇ ಹೋಯಿತೆನ್ನಿಸುತ್ತದೆ. ಬಿಸಿಗಾಳಿ ಹಿಡಿದಾಗ, ಹಿಡಿದ ಕಡೆಯೆಲ್ಲ ಆ ಬೂದಿ ಸರಿದು ಕೆಂಗಂದು ಮೇಲೇಳುತ್ತದೆ. ಮರದೊಳಗಿನ ಅಲೆಯಲೆಯಾದ ಪಟ್ಟೆಗಳು ಒಂದೊಂದಾಗಿ ಕಾಣತೊಡಗುತ್ತವೆ. ಉಳಿದ ಆಮ್ಲವನ್ನು ಅಡುಗೆ ಸೋಡಾದ ನೀರಿನಿಂದ ತೊಳೆದು, ಅಗಸೆ ಎಣ್ಣೆಯನ್ನು ಅಂಗೈಯಿಂದ ತಿಕ್ಕಿದೆ, ಹನ್ನೆರಡು ದಿನ, ದಿನಕ್ಕೊಂದು ಸಲ.

ವಿಡಿಯೊ ಕರೆಯಲ್ಲಿ ಅಪ್ಪಯ್ಯನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ ಕೇಳಿದ ಮೊದಲ ಪ್ರಶ್ನೆ, "ಕೇಪು ತಲೆಕೆಳಗಾಗಿ ನಿಲ್ತದಲ್ಲ ಮಾರಾಯ, ಬಿದ್ದು ಹೋಗಲ್ವಾ?" ಎಂದು. ಅದು ಈ ಮಾದರಿಯ ನಿಜವಾದ ದೌರ್ಬಲ್ಯ. ಕೋವಿಯನ್ನು ಬಲ್ಲವರಷ್ಟೇ ತಟ್ಟನೆ ಕೇಳಬಹುದಾದ ಮಾತು. 11ನೇ ನಂಬರಿನ ಕೇಪಿಗೆ ಸರಿಹೊಂದುವಂತೆ ನಿಪ್ಪಲ್ಲಿನ ತುದಿ ಇದ್ದರೆ, ಮತ್ತು ಕೋವಿಯನ್ನು ಮಗುಚಿ ಹಿಡಿದು ಕೇಪನ್ನು ಬಿಗಿಯಾಗಿ ಒತ್ತಿದರೆ ಅದು ಬೀಳುವುದಿಲ್ಲ. ಆದರೆ ನನ್ನ ಕೋವಿಯಲ್ಲಿ ಕುದುರೆಯನ್ನು ಅರ್ಧಕ್ಕೆ ಎಳೆದು ಭದ್ರವಾಗಿ ನಿಲ್ಲಿಸುವ ತಡೆಯಿಲ್ಲ. ಆದ್ದರಿಂದ ಗುರಿಯ ಮುಂದೆ ನಿಂತ ಮೇಲಲ್ಲದೆ ಕೇಪು ತೊಡಿಸುವುದಿಲ್ಲ ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. "ಅಜ್ಜಯ್ಯನೂ ಹಂಗೇ ಮಾಡ್ತಿದ್ದಿದ್ದು. ಕೇಪು ಕಡೆಗೆ," ಎಂದು ಅಪ್ಪಯ್ಯ ಹೇಳಿದರು.

ಮೊದಲ ಈಡನ್ನು ಭುಜಕ್ಕಿಟ್ಟು ಹೊಡೆಯಲಿಲ್ಲ. ಹಳೆಯ ಟೈರಿಗೆ ಕೋವಿಯನ್ನು ಬಿಗಿದು, ಟ್ರಿಗರಿಗೆ ಉದ್ದನೆಯ ಹಗ್ಗ ಕಟ್ಟಿ, ದಪ್ಪ ಮರವೊಂದರ ಹಿಂದೆ ನಿಂತು ಎಳೆದೆವು. ಹೀಗೆ ಮೂರು ಸಲ ಹಾರಿಸಿ, ಬಿರಡೆಯ ಸುತ್ತ ಹೊಗೆಯ ಕಲೆ ಎಲ್ಲಿಯೂ ಇಲ್ಲವೆಂದು ಕಂಡ ಮೇಲೆ ಹಿರಿಯರು ಕೋವಿಯನ್ನು ನನ್ನ ಕೈಗೆ ಕೊಟ್ಟರು.

ತುಂಬುವ ಕ್ರಮ ಊರಿನದಕ್ಕೆ ಹತ್ತಿರವೇ ಇದ್ದರೂ ಒಂದು ಮುಖ್ಯ ವ್ಯತ್ಯಾಸವಿದೆ. ನಮ್ಮ ಕೇಪಿನ ಕೋವಿಯ ನಳಿಗೆ ಒಳಗೆ ನುಣುಪು. ಚರೆಗೂ ಗುಂಡಿಗೂ ಒಂದೇ. ಇದರೊಳಗೆ ಸುರುಳಿ ಗೀರುಗಳಿರುವುದರಿಂದ ಗುಂಡು ತಿರುಗುತ್ತ ಹೋಗಬೇಕು. ಅದಕ್ಕಾಗಿ .440 ಅಂಗುಲದ ಸೀಸದ ಗುಂಡನ್ನು ಎಣ್ಣೆ ಮತ್ತು ಜೇನುಮೇಣ ಸವರಿದ ಹತ್ತಿಬಟ್ಟೆಯ ತುಂಡಿನಲ್ಲಿ ಸುತ್ತಿ ಇಳಿಸುತ್ತಾರೆ. ಬಟ್ಟೆ ಗೀರುಗಳನ್ನು ಕಚ್ಚಿ ಹಿಡಿದು ಗುಂಡನ್ನು ತಿರುಗಿಸುತ್ತದೆ. ಬಾಯಿ ದಾಟಿದೊಡನೆ ಕಳಚಿ ಬೀಳುತ್ತದೆ. ಹೊಡೆದ ಮೇಲೆ ಹುಲ್ಲಿನಲ್ಲಿ ಆ ಬಟ್ಟೆಯನ್ನು ಹುಡುಕಿ ನೋಡುವುದು ನನಗೆ ಗುರಿಹಲಗೆ ನೋಡುವಷ್ಟೇ ಮುಖ್ಯ. ನಡುವೆ ಮಸಿಯ ವೃತ್ತ, ಸುತ್ತ ಗೀರುಗಳ ಗುರುತು ಇದ್ದು ಅಂಚು ಮಾತ್ರ ಎಳೆಬಿಟ್ಟಿದ್ದರೆ ಎಲ್ಲ ಸರಿಯಿದೆ ಎಂದರ್ಥ; ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು ಇಲ್ಲವೆ ಮದ್ದು ಹೆಚ್ಚಾಯಿತು.

ಮದ್ದು ಅಂಗಡಿಯ ಕರಿಮದ್ದು. ಪೆಟ್ಲುಪ್ಪು, ಇದ್ದಿಲು, ಗಂಧಕಗಳನ್ನು 75, 15, 10ರ ಪ್ರಮಾಣದಲ್ಲಿ ಬೆರೆಸುವ ಹಳೆಯ ಪಾಕವೇ ಇಂದಿಗೂ ನಡೆದಿದೆ. ಇದರ ಬದಲು ಹೊಗೆಯಿಲ್ಲದ ಆಧುನಿಕ ಮದ್ದನ್ನು ಹಾಕಿದರೆ ನಳಿಗೆ ಸಿಡಿದೀತು. ನನ್ನ ಗಜದ ಮೇಲೆ ಎರಡು ಗೆರೆ ಕೊರೆದಿದ್ದೇನೆ: ನಳಿಗೆ ಖಾಲಿಯಿದ್ದರೆ ಬಾಯಿಯ ಮಟ್ಟಕ್ಕೆ ಬರುವುದು ಒಂದು, ಈಡು ಸರಿಯಾಗಿ ಕುಳಿತಾಗ ಬರುವುದು ಇನ್ನೊಂದು. ಗುಂಡು ಮದ್ದಿಗೆ ತಾಗದೆ ನಡುವೆಯೇ ನಿಂತರೆ ಅಪಾಯವಿರುವುದರಿಂದ ಪ್ರತಿ ಸಲವೂ ಆ ಎರಡನೆಯ ಗೆರೆಯನ್ನು ಕಣ್ಣಾರೆ ನೋಡಿಯೇ ಗಜ ಹೊರಗೆಳೆಯುತ್ತೇನೆ.

ಭುಜಕ್ಕಿಟ್ಟು ಮೊದಲ ಸಲ ಹಾರಿಸಿದಾಗ ಒದೆತಕ್ಕಿಂತ ಅದರ ವೇಗ ನನ್ನನ್ನು ಬೆರಗುಗೊಳಿಸಿತು. ಅಜ್ಜಯ್ಯನ ಕೋವಿಯಲ್ಲಿ ಕೇಪಿನ ಸದ್ದು, ಆಮೇಲೆ ಈಡಿನ ಸದ್ದು ಎಂದು ಎರಡಾಗಿ ಕೇಳಿಸುತ್ತಿದ್ದ ನೆನಪು. ಮಳೆಗಾಲದಲ್ಲಂತೂ ಆ ನಡುವಿನ ಅಂತರ ಸ್ಪಷ್ಟವಾಗಿರುತ್ತಿತ್ತು. ಇಲ್ಲಿ ಎರಡೂ ಒಂದೇ ಆಗಿದ್ದವು. ಬಿಳಿಯ ಹೊಗೆ ಎದ್ದು ಗುರಿಹಲಗೆಯನ್ನು ಮುಚ್ಚಿತು. ಗಂಧಕದ ವಾಸನೆ ಬಂದಾಗ ನಾನು ಕ್ಷಣಕಾಲ ಜಗಲಿಯಲ್ಲಿದ್ದೆ.

ಸಂಜೆ ಕೊಟ್ಟಿಗೆಯಲ್ಲಿ ನಿಪ್ಪಲ್ಲು ಬಿಚ್ಚಿ, ನಳಿಗೆಯನ್ನು ಬಿಸಿ ಸೋಪಿನ ನೀರಿನಲ್ಲಿ ನಿಲ್ಲಿಸಿ ಗಜಕ್ಕೆ ಬಟ್ಟೆ ಸುತ್ತಿ ಎಳೆದಾಗ ಕರಿನೀರು ಬುಳಬುಳನೆ ಬಂತು. ಕರಿಮದ್ದಿನ ಕಸ ಗಾಳಿಯ ತೇವವನ್ನು ಹೀರಿಕೊಂಡು ಉಕ್ಕನ್ನು ತಿನ್ನುವುದರಿಂದ ಈ ಕೆಲಸವನ್ನು ಮರುದಿನಕ್ಕೆ ಬಿಡುವಂತಿಲ್ಲ. ಅಜ್ಜಯ್ಯ ಎಷ್ಟೇ ದಣಿದು ಬಂದಿದ್ದರೂ ಊಟಕ್ಕೆ ಕೂರುವ ಮೊದಲು ಬಚ್ಚಲ ಹಂಡೆಯ ಬಿಸಿನೀರಿನಿಂದ ಕೋವಿ ತೊಳೆಯುತ್ತಿದ್ದುದು ಅದಕ್ಕೇ.

ಐವತ್ತು ಗಜ ದೂರದಲ್ಲಿ ಹೊಡೆದ ಐದು ಗುಂಡುಗಳನ್ನು ಒಂದು ಚಹಾ ಲೋಟದ ಬಾಯಿ ಮುಚ್ಚುವಂತಿತ್ತು, ಆದರೆ ಐದೂ ನಡುಬಿಂದುವಿಗಿಂತ ಮೂರು ಅಂಗುಲ ಕೆಳಗಿದ್ದವು. ಆ ಕಾಗದದ ಚಿತ್ರವನ್ನು ಅಪ್ಪಯ್ಯನಿಗೆ ಕಳಿಸಿದೆ. ಅವರು, "ಮುಂದಿನ ಸೈಟು ಎತ್ತರ ಆಯ್ತು. ಸ್ವಲ್ಪ ಸ್ವಲ್ಪವೇ ಅರ ಹಾಕು, ತೆಗೆದದ್ದನ್ನು ಮತ್ತೆ ಹಚ್ಚಕ್ಕಾಗಲ್ಲ," ಎಂದರು. ಗುರಿ ನೋಡಲು ನಳಿಗೆಯ ಮೇಲಿರುವ ಮುಂದಿನ, ಹಿಂದಿನ ಸೈಟುಗಳ ನಡುವಿನ ಅಂತರ 24 ಅಂಗುಲ. ಲೆಕ್ಕ ಹಾಕಿದರೆ ಮುಂದಿನದು ಇನ್ನು ಒಂದು ಮಿಲಿಮೀಟರ್ ಇಳಿಯಬೇಕು. ಈ ಭಾನುವಾರ ಅರ್ಧ ಮಿಲಿಮೀಟರ್ ಅರೆದು, ಮತ್ತೆ ಐದು ಗುಂಡು ಹೊಡೆದು ನೋಡುತ್ತೇನೆ.