ಹೋಳಿಗೆ ಊಟದ ತಯಾರಿ: ಇಲ್ಲಿವರೆಗೆ ಆಗಿದ್ದು

ಗುರಿ ಇಷ್ಟೇ. ದೀಪಾವಳಿ ಪಾಡ್ಯದ ದಿನ ನಮ್ಮ ದಾವಣಗೆರೆ ಮನೆಯಲ್ಲಿ 20 ಜನಕ್ಕೆ ಹೋಳಿಗೆ ಊಟ. ಅಡುಗೆಯವರನ್ನು ಕರೆಸುವುದಿಲ್ಲ, ಹೊರಗಿನಿಂದ ತರಿಸುವುದೂ ಇಲ್ಲ. ಹಿರಿಯರಿಗೆ ಎಡೆ ಇಟ್ಟು ಪೂಜೆ ಮುಗಿದ ಕೂಡಲೇ ಮೊದಲ ಪಂಕ್ತಿ ಕೂರಬೇಕು. ಅವ್ವನಿಗೆ ಈಗ ಒಲೆ ಮುಂದೆ ಜಾಸ್ತಿ ಹೊತ್ತು ನಿಲ್ಲೋಕಾಗಲ್ಲ, ಹಾಗಾಗಿ ಈ ಸಲ ಸೌಟು ನನ್ನ ಕೈಗೆ ಬಂದಿದೆ. ಶ್ರಾವಣದಿಂದ ಒಂದೊಂದು ಹಬ್ಬಕ್ಕೆ ಊಟದ ಒಂದೊಂದು ಭಾಗ ಮಾಡಿ ನೋಡುತ್ತಾ ಬಂದಿದ್ದೇನೆ.

ಪಂಚಮಿಗೆ ಮಾಡಿದ ಶೇಂಗಾ ಉಂಡೆ, ತಂಬಿಟ್ಟಿನ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಚೆನ್ನಾಗಿ ಬಂದವು, ಖಾಲಿಯಾದವು. ನಿಜವಾದ ಕೆಲಸ ಶುರುವಾಗಿದ್ದು ಗಣೇಶನ ಹಬ್ಬಕ್ಕೆ, ಬೇಳೆಯಿಂದ.

ದೊಡ್ಡಮ್ಮ ಮೊದಲೇ ಹೇಳಿದ್ದರು: "ನೋಡಪ್ಪಾ, ಹೋಳಿಗೆ ಎರಡು ಹಾಕಿದ್ರೆ ಸಾಕು ಅಂತಾರೆ. ಸಾರು ಮಾತ್ರ ಮೂರು ಸಲ ಕೇಳ್ತಾರೆ. ನೀನು ಸಾರಿನ ಲೆಕ್ಕ ಹಾಕಿ ಬೇಳೆ ಇಡು." ಇಡೀ ಯೋಜನೆ ಈಗ ನಿಂತಿರುವುದೇ ಈ ಮಾತಿನ ಮೇಲೆ. ಹೋಳಿಗೆ ಸಾರು ಅಂದರೆ ಹೋಳಿಗೆ ಮಾಡಿ ಉಳಿದ ನೀರಿನ ಸಾರು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ನಮ್ಮ ಮನೆ ಮಟ್ಟಿಗೆ ಅದು ಉಲ್ಟಾ, ಸಾರು ಬೇಕು ಅಂತಲೇ ಹೋಳಿಗೆ ಮಾಡುವುದು.

ತೊಡಕು ಏನೆಂದರೆ, ಹೂರಣಕ್ಕೆ ಬೇಕಾಗಿದ್ದು ಸಾರಿಗೆ ಬೇಡ. ಹೂರಣಕ್ಕೆ ಬೇಳೆ ಕಾಳು ಕಾಳಾಗಿ ಬೆಂದು ನೀರು ಪೂರ್ತಿ ಬಸಿದಿರಬೇಕು. ಸಾರಿಗೆ ಕಟ್ಟು (ಬೇಳೆ ಬಸಿದ ನೀರು) ಗಟ್ಟಿ ಬೇಕು, ಅಂದರೆ ಬೇಳೆ ಸ್ವಲ್ಪ ಕರಗಿರಬೇಕು. ಕುಕ್ಕರಿನಲ್ಲಿ ಇಟ್ಟರೆ ಎಲ್ಲ ಗಂಜಿಯಾಗಿ ಎರಡೂ ಕೆಡುತ್ತವೆ, ಅದಕ್ಕೇ ತೆರೆದ ಪಾತ್ರೆಯೇ ಖಾಯಂ ಆಯಿತು. ಬರೀ ಕಡಲೆಬೇಳೆ ಹಾಕಿದರೆ ಹೂರಣ ಚೆಂದ, ಕಟ್ಟು ತೆಳ್ಳಗೆ. ನನ್ನ ಹೆಂಡತಿ ಮೈಸೂರು ಕಡೆಯವಳು, ಅವರ ಮನೆಯಲ್ಲಿ ತೊಗರಿಬೇಳೆದೇ ಹೋಳಿಗೆ, ಕಟ್ಟು ಏನೋ ಗಟ್ಟಿ ಬರುತ್ತದೆ, ಆದರೆ ನಮ್ಮ ಅಣ್ಣ ಒಂದು ತುತ್ತು ತಿಂದು ಸುಮ್ನೆ ತಟ್ಟೆ ನೋಡುತ್ತಾ ಕೂತ. ಕೊನೆಗೆ ಒಪ್ಪಂದ ಆಗಿದ್ದು ಹೀಗೆ: ಮುಕ್ಕಾಲು ಪಾಲು ಕಡಲೆಬೇಳೆ, ಕಾಲು ಪಾಲು ತೊಗರಿಬೇಳೆ. ಕಡಲೆಬೇಳೆ ಒಂದು ಗಂಟೆ ನೆನೆಸಿ ಮೊದಲು ಒಲೆಗೆ, ಅದು ಅರ್ಧ ಬೆಂದ ಮೇಲೆ ತೊಗರಿ. ಒಟ್ಟು 1 ಕೆಜಿ ಬೇಳೆಗೆ 4 ಲೀಟರ್ ನೀರು. ಬಸಿದರೆ 2 ಲೀಟರಿಗಿಂತ ಮೇಲೆ ಕಟ್ಟು ಸಿಗುತ್ತದೆ, ಮಸಾಲೆ, ಹುಣಸೆರಸ, ನೀರು ಸೇರಿ ಸಾರು 20 ಜನಕ್ಕೆ ಆರಾಮಾಗಿ ಆಗುತ್ತದೆ.

ನೀರಿನದೂ ಒಂದು ಮಾತಿದೆ. ಬೋರ್ ನೀರಿನಲ್ಲಿ ಬೇಳೆ ಎಷ್ಟು ಕುದಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ. ಗಡಸು ನೀರಿನ ಸುಣ್ಣದ ಅಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ನಳದ ನೀರು ಬಂದ ದಿನ ಎರಡು ಕೊಡ ಎತ್ತಿಟ್ಟುಕೊಳ್ಳುವುದು ಈಗ ಪಟ್ಟಿಯಲ್ಲಿ ಮೊದಲನೆಯದು. ಬೆಲ್ಲದ್ದೂ ಅದೇ ಕಥೆ. ಬೆಲ್ಲ ಬಿದ್ದ ಮೇಲೆ ಬೇಳೆ ಬೇಯಲ್ಲ. ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು, ಆಮೇಲೆ ಬೆಲ್ಲ.

ದಸರಾ ಹೊತ್ತಿಗೆ ಹೂರಣ ಕೈಗೆ ಬಂತು. ಬೇಳೆಯಷ್ಟೇ ತೂಕ ಬೆಲ್ಲ ಹಾಕಿದರೆ ನಮ್ಮವರಿಗೆ ಸರಿ, ಆದರೆ ಮಕ್ಕಳು ಮತ್ತು ಶುಗರ್ ಇರುವ ಮಾವ ಇಬ್ಬರನ್ನೂ ನೆನೆದು 900 ಗ್ರಾಮಿಗೆ ಇಳಿಸಿದೆ (ಮಾವ ಹೇಗೂ ಎರಡು ತಿನ್ನುತ್ತಾರೆ, ಅದು ಬೇರೆ ವಿಷಯ). ಸೌಟು ನೆಟ್ಟಗೆ ನಿಲ್ಲುವ ತನಕ ಕೈಯಾಡಿಸಬೇಕು, ಆರಿದ ಮೇಲೆ ಇನ್ನೂ ಬಿಗಿಯಾಗುತ್ತದೆ. ಏಲಕ್ಕಿ ಹಾಕಿ ಗ್ರೈಂಡರಿನಲ್ಲಿ ರುಬ್ಬುವುದು, ನೀರು ಒಂದು ಹನಿಯೂ ಬೇಡ. ಹೂರಣದ ಉಂಡೆ 60 ಗ್ರಾಂ, ಕಣಕ 30 ಗ್ರಾಂ. ಒಂದು ಕೆಜಿ ಬೇಳೆಗೆ ನಲವತ್ತರ ಮೇಲೆ ಹೋಳಿಗೆ ಬರುತ್ತವೆ, ತಲೆಗೆ ಎರಡು. ತೂಕದ ಯಂತ್ರ ಅಡುಗೆಮನೆಗೆ ಬಂದಾಗ ಅವ್ವ ನಕ್ಕರು. ಈಗ ಉಂಡೆ ಕಟ್ಟಿ ಕಟ್ಟಿ ಅದರ ಮೇಲೆ ಇಟ್ಟು ನೋಡುವವರು ಅವರೇ.

ಕಣಕಕ್ಕೆ ಚಿರೋಟಿ ರವೆ ಅರ್ಧ, ಮೈದಾ ಅರ್ಧ, ಚಿಟಿಕೆ ಅರಿಶಿನ. ಮೆತ್ತಗೆ ಕಲಸಿ ಮೇಲೆ ಎಣ್ಣೆ ಸುರಿದು ಎರಡು ಗಂಟೆ ಬಿಡಬೇಕು. ಬಿಟ್ಟಷ್ಟೂ ಹಿಟ್ಟಿನ ಬಿಗಿ ಸಡಿಲುತ್ತದೆ, ತಟ್ಟುವಾಗ ಹರಿಯುವುದಿಲ್ಲ. ಬರೀ ಗೋಧಿಹಿಟ್ಟಿನದೂ ಮಾಡಿ ನೋಡಿದೆ. ತಿನ್ನಬಹುದು, ಆದರೆ ತಣ್ಣಗಾದ ಮೇಲೆ ಅಗಿಯಬೇಕು. ಬೇಡ.

ಸಾರಿನ ಮಸಾಲೆ ಈಗ ಹೀಗಿದೆ: ಒಣಕೊಬ್ಬರಿ, ಧನಿಯಾ, ಜೀರಿಗೆ, ನಾಲ್ಕು ಮೆಣಸು, ಎರಡು ಲವಂಗ, ಸಣ್ಣ ತುಂಡು ಚಕ್ಕೆ, ಎಲ್ಲ ಬೇರೆ ಬೇರೆ ಹುರಿದದ್ದು. ಈರುಳ್ಳಿ ಮಾತ್ರ ಕೆಂಡದಲ್ಲಿ ಸುಡಬೇಕು ಅಂತ ದೊಡ್ಡಮ್ಮನ ಪಟ್ಟು, ನಮ್ಮಲ್ಲಿ ಕೆಂಡ ಎಲ್ಲಿಂದ, ಗ್ಯಾಸಿನ ಉರಿ ಮೇಲೆಯೇ ಸಿಪ್ಪೆ ಕಪ್ಪಾಗುವ ತನಕ ಸುಟ್ಟೆ. ಹೊರಗಿನ ಎರಡು ಪದರ ಕಿತ್ತರೆ ಒಳಗೆ ನೀರೂರಿದ ಮೆತ್ತನೆ ಈರುಳ್ಳಿ, ಹೊಗೆ ವಾಸನೆ ಹಿಡಿದಿರುತ್ತದೆ. ಅದನ್ನು ಬೆಳ್ಳುಳ್ಳಿ ಜೊತೆ ರುಬ್ಬಿ, ಬ್ಯಾಡಗಿ ಖಾರದಪುಡಿ, ಹುಣಸೆರಸ, ಒಂದು ಹಿಡಿ ಹೂರಣ ಹಾಕಿ ಕಟ್ಟಿನೊಂದಿಗೆ ಕುದಿಸಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಮಾರನೇ ದಿನ ಇನ್ನೂ ರುಚಿ, ಹಾಗಾಗಿ ಸಾರನ್ನು ಹಬ್ಬದ ಹಿಂದಿನ ರಾತ್ರಿಯೇ ಮಾಡಿಟ್ಟುಬಿಡುವುದು ಅಂತ ತೀರ್ಮಾನವಾಗಿದೆ. ಹೂರಣವೂ ಹಿಂದಿನ ದಿನವೇ. ಬೆಳಿಗ್ಗೆಗೆ ಉಳಿಯುವುದು ಕಣಕ, ತಟ್ಟಿ ಬೇಯಿಸುವುದು, ಅನ್ನ, ಕೋಸಂಬರಿ, ಬದನೆಕಾಯಿ ಪಲ್ಯ, ಹಪ್ಪಳ. ಚಿತ್ರಾನ್ನವನ್ನು ಕೈಬಿಟ್ಟಿದ್ದೇನೆ, ಸಾರು ಇರುವಾಗ ಅದನ್ನು ಯಾರೂ ಮುಟ್ಟುವುದಿಲ್ಲ.

ಮಿಕ್ಕಿರುವುದು ಶೇಂಗಾ ಹೋಳಿಗೆ. ಬೆಂಗಳೂರಿಗೆ ವಾಪಸ್ ಹೋಗುವವರಿಗೆ ಕಟ್ಟಿಕೊಡೋಕೆ ಅದೇ ಬೇಕು, ಹೂರಣದಲ್ಲಿ ನೀರಿನಂಶ ಇಲ್ಲದ್ದರಿಂದ ವಾರ ಇಟ್ಟರೂ ಕೆಡುವುದಿಲ್ಲ. ಈ ಹೊತ್ತಿಗೆ ಚಳ್ಳಕೆರೆ ಕಡೆಯ ಹೊಸ ಶೇಂಗಾ ಬರತೊಡಗುತ್ತದೆ. ಹೊಸದರಲ್ಲಿ ಹಸಿ ಇರುತ್ತದೆ, ಸಣ್ಣ ಉರಿಯಲ್ಲಿ ಹೆಚ್ಚು ಹೊತ್ತು ಹುರಿದು ಪೂರ್ತಿ ಆರಿಸಿಯೇ ಮಿಕ್ಸಿಗೆ ಹಾಕಬೇಕು, ಅದೂ ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಇನ್ನು ಚೌಕಿಪೇಟೆಗೆ ಹೋಗಿ ಬೆಲ್ಲ, ಬೇಳೆ ತರಬೇಕು. ದೊಡ್ಡ ಹಂಚು ಅತ್ತಿಗೆ ಮನೆಯಲ್ಲಿದೆ, ಎರಡು ಒಲೆಯಲ್ಲಿ ಒಟ್ಟಿಗೆ ಬೇಯಿಸದಿದ್ದರೆ ಪಂಕ್ತಿ ತಡವಾಗುತ್ತದೆ. ಹುಬ್ಬಳ್ಳಿಯಿಂದ ಬರುವವರಿಗೆ ಈಗಲೇ ಫೋನ್ ಮಾಡಿ ಹೇಳಿದ್ದೇನೆ: ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಹೊಟ್ಟೆ ತುಂಬಿಸಿಕೊಂಡು ಬರಬೇಡಿ, ದೋಸೆ ಮಾರನೇ ದಿನ ಹೋಗೋಣ.