ಬಸುರಿಯ ರಿಪೋರ್ಟಿನಲ್ಲಿ ಎಂಸಿವಿ ಸಾಲನ್ನೂ ನೋಡಿ

ಬಸುರಿಯ ರಕ್ತಪರೀಕ್ಷೆ ಅಂದರೆ ಎಲ್ಲರ ಕಣ್ಣು ಹೋಗುವುದು ಒಂದೇ ಸಂಖ್ಯೆಯ ಮೇಲೆ, ಹಿಮೋಗ್ಲೋಬಿನ್. 11ಕ್ಕಿಂತ ಕಡಿಮೆ ಇದ್ದರೆ ರಕ್ತ ಕಮ್ಮಿ ಅಂತ ತಾಯಿ ಕಾರ್ಡಿನಲ್ಲಿ ಬರೆದು ಕಬ್ಬಿಣದ ಮಾತ್ರೆ ಕೊಡುತ್ತಾರೆ. ಹೆಚ್ಚಿನವರಿಗೆ ಅದೇ ಸರಿಯಾದ ಚಿಕಿತ್ಸೆ, ನಮ್ಮ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ ಅಷ್ಟು ಜಾಸ್ತಿ. ಆದರೆ ತಪ್ಪದೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದರೆ? "ನೀನು ಸರಿಯಾಗಿ ತಗೊಂಡಿಲ್ಲ ಬಿಡು" ಅಂತ ಅವಳನ್ನೇ ಗದರುತ್ತಾರೆ. ಗದರುವ ಮೊದಲು ಅದೇ ರಿಪೋರ್ಟಿನಲ್ಲಿ ನಾಲ್ಕು ಸಾಲು ಕೆಳಗೆ ನೋಡಿ ಅನ್ನುವುದು ನನ್ನ ಮಾತು.

ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಇಂಥ ರಿಪೋರ್ಟುಗಳು ನಮ್ಮ ಕೈಗೆ ಬರುತ್ತಲೇ ಇರುತ್ತವೆ: ಹಿಮೋಗ್ಲೋಬಿನ್ 10.2, ಎಂಸಿವಿ 62, ಕೆಂಪು ರಕ್ತಕಣಗಳ ಎಣಿಕೆ 5.4. ಎಂಸಿವಿ ಅಂದರೆ ಒಂದೊಂದು ಕಣದ ಸರಾಸರಿ ಗಾತ್ರ. ಅದು ಸಾಮಾನ್ಯವಾಗಿ 80ರ ಮೇಲಿರಬೇಕು. ಇಲ್ಲಿ ಕಣಗಳು ತೀರಾ ಸಣ್ಣವು, ಆದರೆ ಸಂಖ್ಯೆಯಲ್ಲಿ ಏನೂ ಕಡಿಮೆಯಿಲ್ಲ. ಕಬ್ಬಿಣ ಇಲ್ಲದ ದೇಹಕ್ಕೆ ಸಾಮಗ್ರಿಯೇ ಇರುವುದಿಲ್ಲ, ಹಾಗಾಗಿ ಕಣಗಳ ಎಣಿಕೆಯೂ ಇಳಿಯುತ್ತದೆ. ಇಲ್ಲಿ ಹಾಗಾಗಿಲ್ಲ. 62ನ್ನು 5.4ರಿಂದ ಭಾಗಿಸಿದರೆ 11ರ ಆಸುಪಾಸು ಬರುತ್ತದೆ. 13ಕ್ಕಿಂತ ಕೆಳಗೆ ಬಂದರೆ ಥಲಸ್ಸೇಮಿಯಾ ಮೈನರ್, ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶದ ದೋಷದ ಸೌಮ್ಯ ರೂಪ, ಇರಬಹುದು ಅಂತ ಅನುಮಾನಪಡಬೇಕು. ಇದು ಸುಳಿವು ಮಾತ್ರ. ಖಚಿತವಾಗುವುದು ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಎಚ್‌ಬಿ ಎ2 ಅನ್ನುವ ಬಗೆಯನ್ನು ಅಳೆದಾಗ. ಅದು 3.5 ಶೇಕಡಾ ದಾಟಿ 4, 5 ಅಂತ ಬಂದರೆ ಆಕೆ ಬೀಟಾ ಥಲಸ್ಸೇಮಿಯಾ ವಾಹಕಿ, ಅಂದರೆ ಮೈನರ್ ಇರುವವಳು, ಆ ದೋಷದ ಜೀನ್ ಒಂದನ್ನು ಹೊತ್ತವಳು. ಕಬ್ಬಿಣದ ಕೊರತೆ ಜೋರಾಗಿದ್ದರೆ ಎ2 ಸ್ವಲ್ಪ ತಗ್ಗಿ ತೋರಬಹುದು, ಆದ್ದರಿಂದ ಗಡಿಯಲ್ಲಿರುವ ರಿಪೋರ್ಟನ್ನು ನಾರ್ಮಲ್ ಅಂತ ಬದಿಗಿಡಬಾರದು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಅದನ್ನೂ ಮೊದಲೇ ಹೇಳಿ, ಇಲ್ಲದಿದ್ದರೆ ಬೇರೆಯವರ ರಕ್ತ ಸೇರಿ ಲೆಕ್ಕ ತಪ್ಪುತ್ತದೆ.

ವಾಹಕಿ ಅಂದ ಕೂಡಲೇ ಮನೆಯವರ ಮುಖ ಬಾಡುತ್ತದೆ. ಬೇಡ. ಮೈನರ್ ಇರುವವರು ರೋಗಿಗಳಲ್ಲ, ಎಲ್ಲರ ಹಾಗೆ ದುಡಿದು, ಹೆತ್ತು, ಮುಪ್ಪಿನವರೆಗೆ ಬದುಕುವವರು. ಭಾರತದಲ್ಲಿ ನೂರಕ್ಕೆ 3–4 ಜನ ಹೀಗಿದ್ದಾರೆ, ಹೆಚ್ಚಿನವರಿಗೆ ಗೊತ್ತೇ ಇಲ್ಲ. ಕಬ್ಬಿಣದ ಮಾತ್ರೆಯನ್ನು ನೀವಾಗಿ ನಿಲ್ಲಿಸಲೂಬೇಡಿ. ಮೈನರ್ ಜೊತೆಗೆ ಕಬ್ಬಿಣದ ಕೊರತೆಯೂ ಇರಬಹುದು, ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ನೋಡಿ ಡಾಕ್ಟರ್ ಹೇಳುತ್ತಾರೆ.

ಚಿಂತೆ ಇರುವುದು ಗಂಡನೂ ವಾಹಕನಾಗಿದ್ದರೆ. ಆಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ, ಮಗುವಿಗೆ ಥಲಸ್ಸೇಮಿಯಾ ಮೇಜರ್ ಬರುವುದು. ಆ ಮಗು ಹುಟ್ಟಿದಾಗ ಚೆನ್ನಾಗಿಯೇ ಇರುತ್ತದೆ. ಕೆಲವು ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ, ಹಾಲು ಬಿಡುತ್ತದೆ, ಹೊಟ್ಟೆ ಉಬ್ಬುತ್ತದೆ. ಆಮೇಲೆ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ರಕ್ತ. ಹಾಕಿದ ರಕ್ತದ ಕಬ್ಬಿಣ ಹೃದಯ, ಯಕೃತ್ತುಗಳಲ್ಲಿ ಕೂರುತ್ತದೆ, ಅದನ್ನು ತೆಗೆಯಲು ದಿನಾ ಔಷಧಿ. ಅಸ್ಥಿಮಜ್ಜೆ ಕಸಿಯಿಂದ ಗುಣವಾಗಬಹುದು, ಆದರೆ ಹೊಂದುವ ದಾನಿ ಸಿಗಬೇಕು, ದುಡ್ಡೂ ಹೊಂದಬೇಕು. ರಕ್ತದ ಚೀಲ ನೇತಾಡುತ್ತಿರುವಾಗ ಅದೇ ಕೈಯಲ್ಲಿ ಬಣ್ಣ ತುಂಬುತ್ತಾ ಕೂತ ಮಕ್ಕಳನ್ನು ನೋಡಿದ್ದೇನೆ. ಆ ಮಕ್ಕಳ ಮೇಲೆ ನನಗೆ ಬಹಳ ಪ್ರೀತಿ, ಅವರ ಅಪ್ಪ ಅಮ್ಮಂದಿರಿಗೆ ಸಮಯಕ್ಕೆ ಸರಿಯಾಗಿ ಯಾರೂ ಏನೂ ಹೇಳಲಿಲ್ಲ ಅನ್ನುವುದರ ಮೇಲೆ ಅಷ್ಟೇ ಸಿಟ್ಟು.

ಸಮಯವೇ ಇಲ್ಲಿ ಎಲ್ಲ. ಇಬ್ಬರೂ ವಾಹಕರು ಅಂತ ಬೇಗ ತಿಳಿದರೆ 11ರಿಂದ 14 ವಾರದೊಳಗೆ ಮಾಸಿನ ಚೂರು ತೆಗೆದು, ಅಥವಾ 15 ವಾರದ ನಂತರ ಗರ್ಭದ ನೀರು ತೆಗೆದು ಮಗುವಿನ ಜೀನ್ ಪರೀಕ್ಷಿಸಬಹುದು. ಮುಂದೇನು ಅನ್ನುವ ತೀರ್ಮಾನ ಆ ತಾಯಿಯದು. ಏಳನೇ ತಿಂಗಳಲ್ಲಿ ಮೊದಲ ಸಲ ಎ2 ಪರೀಕ್ಷೆಗೆ ಬಂದವಳಿಗೆ ಹೇಳಲು ನಮ್ಮ ಹತ್ತಿರ ಹೆಚ್ಚೇನೂ ಉಳಿದಿರುವುದಿಲ್ಲ.

ಗಂಡಸರ ವಿಷಯಕ್ಕೆ ಬರುತ್ತೇನೆ. "ನನಗ್ಯಾಕೆ ಟೆಸ್ಟು? ಬಸುರಿ ಅವಳಲ್ವಾ?" ಈ ಮಾತು ಕೇಳಿ ಕೇಳಿ ಸಾಕಾಗಿದೆ. ಈ ಜೀನ್ ಅಪ್ಪನಿಂದಲೂ ಬರುತ್ತದೆ, ಅಮ್ಮನಿಂದಲೂ ಬರುತ್ತದೆ, ಮೇಜರ್ ಆಗಲು ಎರಡೂ ಕಡೆಯಿಂದ ಬರಬೇಕು. ಹೆಂಡತಿಯ ರಿಪೋರ್ಟ್ ವಾಹಕಿ ಅಂತ ಬಂದ ವಾರದಲ್ಲೇ ಗಂಡನ ರಕ್ತವೂ ಲ್ಯಾಬಿಗೆ ಬರಬೇಕು. ಅದನ್ನು ಬಿಟ್ಟು ಸೊಸೆಯ ತವರಿನ ರಕ್ತ ಸರಿಯಿಲ್ಲ ಅನ್ನುವ ಅತ್ತೆಯರಿಗೆ ಏನು ಹೇಳುವುದು!

ನಮ್ಮ ಕಡೆ ಸೋದರಮಾವನಿಗೆ ಕೊಡುವುದು, ಅತ್ತೆ ಮಗನಿಗೆ ಕೊಡುವುದು ಇನ್ನೂ ಇದೆ. ಒಬ್ಬ ವಾಹಕನ ಅಕ್ಕನ ಮಗಳಲ್ಲಿ ಅದೇ ಜೀನ್ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅತ್ತೆ ಮಗಳಲ್ಲಿ ಎಂಟರಲ್ಲಿ ಒಂದು. ಹೊರಗಿನ ಸಂಬಂಧಕ್ಕಿಂತ ಬಹಳ ಹೆಚ್ಚು. ಸಂಬಂಧದಲ್ಲೇ ಮದುವೆ ಆಗುವುದಾದರೆ ಜಾತಕದ ಜೊತೆ ಎ2 ರಿಪೋರ್ಟನ್ನೂ ತರಿಸಿ ನೋಡಿ ಅಂತ ನಾನು ಮುಲಾಜಿಲ್ಲದೆ ಹೇಳುತ್ತೇನೆ.

ಅದೇ ಎಚ್‌ಪಿಎಲ್‌ಸಿಯಲ್ಲಿ ಕುಡಗೋಲು ಕಣದ (ಸಿಕಲ್ ಸೆಲ್) ಕಾಯಿಲೆ ತರುವ ಹಿಮೋಗ್ಲೋಬಿನ್, ಎಚ್‌ಬಿ ಎಸ್ ಕೂಡ ಕಾಣುತ್ತದೆ. ಮೈಸೂರು, ಚಾಮರಾಜನಗರ ಕಡೆಯ ಬುಡಕಟ್ಟು ಜನರಲ್ಲಿ ಅದು ಇದೆ. 2023ರ ಜುಲೈಯಲ್ಲಿ ಶುರುವಾದ ಕೇಂದ್ರದ ಸಿಕಲ್ ಸೆಲ್ ನಿರ್ಮೂಲನಾ ಯೋಜನೆಯಲ್ಲಿ ಕರ್ನಾಟಕವೂ ಸೇರಿದೆ. ಗಂಡ ಹೆಂಡತಿಯರಲ್ಲಿ ಒಬ್ಬರಲ್ಲಿ ಎಸ್, ಇನ್ನೊಬ್ಬರಲ್ಲಿ ಬೀಟಾ ಥಲಸ್ಸೇಮಿಯಾ ಜೀನ್ ಇದ್ದರೂ ಮಗುವಿಗೆ ಕಾಯಿಲೆ ಬರಬಹುದು. ಹಾಗಾಗಿ ಗಂಡನಿಗೆ ಬರೀ ಹಿಮೋಗ್ಲೋಬಿನ್ ನೋಡಿ ಕಳಿಸಿದರೆ ಸಾಲದು, ಪೂರ್ತಿ ಎಚ್‌ಪಿಎಲ್‌ಸಿಯೇ ಆಗಬೇಕು.

ಫಲಿತಾಂಶ ಸ್ಪಷ್ಟವಾಗಿದ್ದರೆ ಈ ಪರೀಕ್ಷೆ ಜೀವಮಾನದಲ್ಲಿ ಒಂದು ಸಲ ಸಾಕು. ರಿಪೋರ್ಟನ್ನು ತಾಯಿ ಕಾರ್ಡಿನೊಳಗೆ ಇಟ್ಟುಕೊಳ್ಳಿ, ಫೋಟೋ ತೆಗೆದು ಗಂಡನ ಫೋನಿನಲ್ಲೂ ಇಡಿ. ನೀವು ವಾಹಕಿ ಅಂತ ಬಂದಿದ್ದರೆ ಅಣ್ಣ ತಮ್ಮ ಅಕ್ಕ ತಂಗಿಯರಿಗೆ ಇವತ್ತೇ ಫೋನ್ ಮಾಡಿ. ಅವರಲ್ಲಿ ಪ್ರತಿಯೊಬ್ಬರಿಗೂ ಅರ್ಧಕ್ಕರ್ಧ ಸಾಧ್ಯತೆ ಇದೆ. ಮದುವೆ ಗೊತ್ತಾಗುತ್ತಿರುವವರು ಮೊದಲು ಮಾಡಿಸಲಿ.