ತಡೆಗೋಡೆ ಅಂದರೆ ಕಾಂಪೌಂಡ್ ಅಲ್ಲ: ಇಳಿಜಾರು ಸೈಟಿಗೆ ಜೆಸಿಬಿ ಇಳಿಸುವ ಮೊದಲು

ನಂದಿ ಕಡೆಯಾಗಲಿ, ಸ್ಕಂದಗಿರಿಯ ತಪ್ಪಲಾಗಲಿ, 30×40ರ ಒಂದೇ ಸೈಟಿನಲ್ಲಿ ಹಿಂದಿನ ಮೂಲೆಗೂ ಮುಂದಿನ ಮೂಲೆಗೂ ಐದಾರು ಅಡಿ ಏರಿಳಿತ ಇರುವ ಜಾಗಗಳಿವೆ. ಅಂಥ ಸೈಟು ಕೊಂಡವರು ಮೊದಲು ಮಾಡುವ ಕೆಲಸವೆಂದರೆ ಜೆಸಿಬಿ ಕರೆಸಿ ಮಟ್ಟ ಮಾಡಿಸುವುದು. ಪ್ಲಾನು, ಪರವಾನಗಿ, ಹಿಂದಿನ ಮಣ್ಣು ಜಾರದಂತೆ ಹಿಡಿಯುವ ತಡೆಗೋಡೆಯ ಲೆಕ್ಕ ಎಲ್ಲಾ ಆಮೇಲೆ. ತಪ್ಪು ಶುರುವಾಗುವುದೇ ಇಲ್ಲಿ. ಮಣ್ಣು ಕಡಿದ ದಿನದಿಂದ ಪಕ್ಕದವರ ನೆಲ ಆಧಾರವಿಲ್ಲದೆ ನಿಂತಿರುತ್ತದೆ, ಅದರ ಹೊಣೆ ಕಡಿಸಿದವರ ಮೇಲಿರುತ್ತದೆ.

"ಗೋಡೆಗೆಲ್ಲಾ ಯಾಕೆ ಲೈಸೆನ್ಸು, ಮನೆಗೆ ತಾನೇ ಬೇಕು" ಎನ್ನುವ ಮಾತನ್ನು ನಂಬಬೇಡಿ. ನಗರಸಭೆ, ಪುರಸಭೆಗಳ ವ್ಯಾಪ್ತಿಯಲ್ಲಿ ಕಟ್ಟಡದ ಅನುಮತಿ ಬರುವುದು ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ 187ನೇ ಕಲಮಿನಡಿ. ತುಮಕೂರಿನಂಥ ಮಹಾನಗರ ಪಾಲಿಕೆಗೆ 1976ರ ಕಾಯ್ದೆಯ 299ನೇ ಕಲಂ. ಗ್ರಾಮ ಪಂಚಾಯಿತಿಯಾದರೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ. ಈ ಕಾಯ್ದೆಗಳಲ್ಲಿ ಕಟ್ಟಡವೆಂದರೆ ಬರೀ ಮನೆಯಲ್ಲ, ಗೋಡೆಯೂ ಅದರೊಳಗೆ ಬರುತ್ತದೆ. ಹಾಗಾಗಿ ಮನೆಯ ಪ್ಲಾನಿನಲ್ಲೇ ತಡೆಗೋಡೆಯನ್ನೂ ತೋರಿಸಿ ಒಂದೇ ಅರ್ಜಿ ಹಾಕುವುದು ಸುಲಭದ ದಾರಿ. ಮನೆ ಆಗಲೇ ಇದ್ದು ಗೋಡೆ ಮಾತ್ರ ಕಟ್ಟುವುದಿದ್ದರೆ ಪ್ರತ್ಯೇಕ ಅರ್ಜಿ ಕೊಟ್ಟು ಲಿಖಿತ ಅನುಮತಿ ಪಡೆಯಿರಿ. ಪಿಡಿಒ ಅಥವಾ ಇಂಜಿನಿಯರ್ ಬಾಯಲ್ಲಿ "ಮಾಡ್ಕೊಳ್ಳಿ" ಅಂದದ್ದು ನಾಳೆ ನೋಟಿಸ್ ಬಂದಾಗ ನಿಲ್ಲುವುದಿಲ್ಲ.

ಕ್ರಯಪತ್ರ, ಇ-ಖಾತೆ (ಪಂಚಾಯಿತಿಯಲ್ಲಿ ನಮೂನೆ 9 ಮತ್ತು 11ಎ), ಕಂದಾಯ ಕಟ್ಟಿದ ರಸೀದಿ, ಭೂಪರಿವರ್ತನೆ ಆದೇಶ, ಅನುಮೋದಿತ ಬಡಾವಣೆ ನಕ್ಷೆ: ಇವು ಎಲ್ಲರಿಗೂ ಗೊತ್ತಿರುವ ಕಾಗದಗಳು. ಬಿಟ್ಟುಹೋಗುವುದು ಲೆವೆಲ್ ಡ್ರಾಯಿಂಗ್. ಸೈಟಿನ ನಾಲ್ಕು ಮೂಲೆ, ರಸ್ತೆ, ಚರಂಡಿಯ ತಳ, ಪಕ್ಕದ ಸೈಟುಗಳ ನೆಲ, ಇಷ್ಟರ ಮಟ್ಟವನ್ನೂ ಒಂದೇ ಗುರುತಿನಿಂದ ಅಳೆಸಿ. ಗೋಡೆಯನ್ನು ಅಡ್ಡ ಸೀಳಿದ ಚಿತ್ರದಲ್ಲಿ ಪಾಯದ ಆಳ, ತಳದ ಅಗಲ, ಹಿಂದಿನ ಮಣ್ಣಿನ ಎತ್ತರ, ನೀರು ಹೋಗುವ ದಾರಿ, ಗಡಿ ಗೆರೆ ಐದೂ ಕಾಣಬೇಕು. ಅದಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಇರಲಿ. ಮುಂದೆ ತಕರಾರು ಎದ್ದರೆ ನಿಮ್ಮನ್ನು ಕಾಯುವುದು ಈ ಹಾಳೆಯೇ.

ಇನ್ನೆರಡು ಕಡೆ ಎಚ್ಚರ ಬೇಕು. ಗ್ರಾಮ ನಕಾಶೆಯಲ್ಲಿ ಹಳ್ಳ, ರಾಜಕಾಲುವೆ, ಬಿ ಖರಾಬು (ಸಾರ್ವಜನಿಕ ಬಳಕೆಗೆಂದು ಬಿಟ್ಟ ಜಮೀನು) ನಿಮ್ಮ ಗಡಿಗೆ ತಾಗಿದೆಯೇ ನೋಡಿ. ತಾಗಿದ್ದರೆ ಸರ್ವೇಯರ್ ಕಲ್ಲು ನೆಡುವ ತನಕ ಪಾಯ ತೆಗೆಯಬೇಡಿ. ಎರಡನೆಯದು ಪುರಾತತ್ವ ಇಲಾಖೆಯ ನಿಯಮ. ನಂದಿ ಗ್ರಾಮದ ಭೋಗನಂದೀಶ್ವರ, ಕೋಲಾರದ ಸೋಮೇಶ್ವರ, ಕೋಲಾರಮ್ಮ ದೇವಾಲಯಗಳು ಕೇಂದ್ರದ ರಕ್ಷಿತ ಸ್ಮಾರಕಗಳು. ರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ನಿಷೇಧವಿದೆ. ಅದರಾಚೆ ಇನ್ನೂ 200 ಮೀಟರ್ ತನಕ ಪ್ರತ್ಯೇಕ ಅನುಮತಿ ಬೇಕು.

ಪಕ್ಕದವರ ವಿಷಯಕ್ಕೆ ಅಕ್ಕಪಕ್ಕದ ಜಮೀನುಗಳ ನಡುವಿನ ಹಕ್ಕುಗಳನ್ನು ಹೇಳುವ 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಂ ಓದಿಕೊಳ್ಳಿ. ನೆಲ ಸ್ವಾಭಾವಿಕ ಸ್ಥಿತಿಯಲ್ಲಿದ್ದರೆ ಪಕ್ಕದ ನೆಲದ ಆಸರೆ ಅದಕ್ಕೆ ಹಕ್ಕು. ಅಂದರೆ ಕಡಿದವರು ಆಸರೆ ಕಟ್ಟಿಕೊಡಬೇಕು. ತಾವಾಗಿ ಮಣ್ಣು ತುಂಬಿಸಿ ಎತ್ತರಿಸಿಕೊಂಡ ನೆಲಕ್ಕೆ ಈ ಹಕ್ಕು ಸಿಗದು, ತುಂಬಿಸಿದವರೇ ಅದನ್ನು ತಡೆಯಬೇಕು. ಮೇಲಿನ ಜಮೀನಿನಿಂದ ಸಹಜವಾಗಿ ಹರಿದು ಬರುವ ಮಳೆನೀರನ್ನು ಕೆಳಗಿನವರು ತಡೆಯುವಂತಿಲ್ಲ ಎಂಬುದೂ ಅದೇ ಕಲಮಿನಲ್ಲಿದೆ. ಆದರೆ ಪೈಪಿನಲ್ಲಿ ಒಟ್ಟುಗೂಡಿಸಿ ಪಕ್ಕದವರ ಅಂಗಳಕ್ಕೆ ಬಿಡುವುದು ಸಹಜ ಹರಿವಲ್ಲ. ಹಾಗಾಗಿ ಗೋಡೆಯನ್ನು ಗಡಿ ಗೆರೆಗೆ ಅಂಟಿಸದೆ ಒಂದಡಿಯಾದರೂ ಒಳಗೆ ತೆಗೆದುಕೊಂಡು, ಆ ಜಾಗದಲ್ಲಿ ನಿಮ್ಮದೇ ಚರಂಡಿ ಮಾಡಿಸಿ. ಪಾಯದ ಒಂದಂಗುಲವೂ ಗಡಿ ದಾಟಬಾರದು.

ಈಗ ಗೋಡೆ ಯಾಕೆ ಬೀಳುತ್ತದೆ ಎಂಬುದು. ಮಣ್ಣಿನ ಒತ್ತಡ ಎತ್ತರದ ವರ್ಗದಂತೆ ಏರುತ್ತದೆ, ಅಂದರೆ ಎತ್ತರ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಸಾಧಾರಣ ಗರಸು ಮಣ್ಣು ಎರಡು ಮೀಟರ್ ಎತ್ತರಕ್ಕಿದ್ದರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 1.2 ಟನ್ ದೂಡುತ್ತದೆ, ಮೂರು ಮೀಟರಿಗೆ 2.7 ಟನ್. ಉರುಳಿಸುವ ಬಲವಂತೂ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಅದೇ ಎರಡು ಮೀಟರ್ ಗೋಡೆಯ ಹಿಂದೆ ನೀರು ತುಂಬಿ ನಿಂತರೆ 1.2 ಟನ್ನು 2.5 ಟನ್ ಆಗುತ್ತದೆ. ಆರಿಂಚು ಸಾಲಿಡ್ ಬ್ಲಾಕಿನ ಕಾಂಪೌಂಡಿಗೆ ಮಣ್ಣು ಏರಿಸಿದರೆ ಮೊದಲ ಜೋರು ಮಳೆಗೇ ಹೊಟ್ಟೆ ಉಬ್ಬಿ ಬೀಳುವುದು ಇದಕ್ಕೇ. 2021ರ ಆಗಸ್ಟಿನಲ್ಲಿ ನಂದಿಬೆಟ್ಟದ ರಸ್ತೆಯನ್ನೇ ಕುಸಿತ ಮುಚ್ಚಿಹಾಕಿತ್ತು. ನೆನೆದ ಮಣ್ಣಿನ ಭಾರವನ್ನು ಈ ಊರಿನವರಿಗೆ ವಿವರಿಸಬೇಕಾಗಿಲ್ಲ.

ಆರೇಳು ಅಡಿ ತನಕ ಸೈಜುಗಲ್ಲಿನ ಗೋಡೆಯೇ ನಮ್ಮ ಕಡೆ ಒಳ್ಳೆಯದು, ಕಲ್ಲೂ ಹತ್ತಿರ, ಕಟ್ಟುವ ಕೈಗಳೂ ಇವೆ. ಆರೂವರೆ ಅಡಿ ಎತ್ತರದ ಗೋಡೆಗೆ ತುದಿಯಲ್ಲಿ ಒಂದೂವರೆ ಅಡಿ, ತಳದಲ್ಲಿ ಮೂರೂಮುಕ್ಕಾಲು ಅಡಿ ದಪ್ಪ ಎಂಬುದು ಒಂದು ಅಂದಾಜು. ಮಣ್ಣಿನ ಮೇಲೆ ಕಾರು ನಿಲ್ಲುವುದಾದರೆ ಇದು ಸಾಲದು. ಪಾಯ ಗಟ್ಟಿ ನೆಲ ಸಿಗುವ ತನಕ ಇಳಿಯಲಿ, ತುಂಬಿದ ಮಣ್ಣಿನ ಮೇಲೆ ಖಂಡಿತ ಬೇಡ. ಹಿಂದೆ ಮುಂದೆ ಚೆಂದದ ಕಲ್ಲಿಟ್ಟು ನಡುವೆ ಚೂರುಪಾರು ಸುರಿದ ಗೋಡೆ ಎರಡು ಹೋಳಾಗಿ ಬಿರಿಯುತ್ತದೆ. ಅಗಲಕ್ಕೆ ಅಡ್ಡಲಾಗಿ ಉದ್ದಗಲ್ಲು ಹಾಕುತ್ತಿದ್ದಾರೆಯೇ ಎಂದು ನಿಂತು ನೋಡಿ. ಕಲ್ಲು ಅಷ್ಟು ಉದ್ದ ಸಿಗದಿದ್ದರೆ ಎರಡು ಕಲ್ಲು ಅರ್ಧ ಅಡಿಯಾದರೂ ಒಂದರ ಪಕ್ಕ ಒಂದು ಹಾಯ್ದಿರಬೇಕು.

ಹತ್ತಡಿ ಮೀರಿದರೆ ಆರ್‌ಸಿಸಿ ಲೆಕ್ಕ ಹಾಕಿಸಿ. ಅಲ್ಲಿ ಪದೇ ಪದೇ ಆಗುವ ತಪ್ಪು ಒಂದಿದೆ: ಮುಖ್ಯ ಕಂಬಿ ಮಣ್ಣಿನ ಕಡೆ ಇರಬೇಕಾದ್ದು, ಬಾರ್ ಬೆಂಡರ್ ಹೊರಮುಖದ ಕಡೆ ಕಟ್ಟಿರುತ್ತಾನೆ. ಕಾಂಕ್ರೀಟ್ ಬಿದ್ದ ಮೇಲೆ ಕಣ್ಣಿಗೆ ಕಾಣದು, ಹಾಕುವ ಮುಂಚೆಯೇ ಫೋಟೊ ತೆಗೆದು ಇಂಜಿನಿಯರಿಗೆ ಕಳಿಸಿ.

ನೀರಿಗೆ ದಾರಿ: 3 ಇಂಚಿನ ಪಿವಿಸಿ ಪೈಪು, ಉದ್ದಕ್ಕೂ ಎತ್ತರಕ್ಕೂ ಐದಡಿಗೊಂದು, ಸಾಲಿನಿಂದ ಸಾಲಿಗೆ ಓರೆಯಾಗಿ, ಹೊರಕ್ಕೆ ಇಳಿಜಾರಾಗಿ. ಕೆಳಗಿನ ಸಾಲು ಚರಂಡಿಗಿಂತ ಅರ್ಧ ಅಡಿ ಮೇಲಿರಲಿ. ಪೈಪು ಇಟ್ಟು ಹಿಂದೆ ನೇರ ಜೇಡಿಮಣ್ಣು ತುಂಬಿದರೆ ಒಂದೇ ಮಳೆಗಾಲಕ್ಕೆ ಕಟ್ಟಿಕೊಳ್ಳುತ್ತದೆ. ಗೋಡೆಗೂ ಮಣ್ಣಿಗೂ ನಡುವೆ ಒಂದಡಿ ಅಗಲ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಬೇಕು. ಗಾರೆ ಗಟ್ಟಿಯಾಗುವ ತನಕ ಮಣ್ಣು ತುಂಬಬೇಡಿ. ಆಮೇಲೂ ಎಂಟು ಒಂಬತ್ತು ಇಂಚಿನ ಪದರ ಹಾಕಿ, ಹದವಾಗಿ ನೀರು ಚಿಮುಕಿಸಿ, ಕೈಯಂತ್ರದಲ್ಲೇ ದಮ್ಮಸು ಮಾಡಿಸಿ. ಗೋಡೆಯಿಂದ ಮೂರಡಿಯೊಳಗೆ ದೊಡ್ಡ ರೋಲರ್ ಬರಕೂಡದು.

ಮೊದಲ ದೊಡ್ಡ ಮಳೆಯ ಮರುದಿನ ಹೋಗಿ ನೋಡಿ. ಮಣ್ಣು ನೆನೆದಿದ್ದೂ ಪೈಪಿನಲ್ಲಿ ನೀರು ಬರದಿದ್ದರೆ ಕಂಬಿ ತೂರಿಸಿ ಬಿಡಿಸಿ. ತೂಕದ ಗುಂಡು ಬಿಟ್ಟು ಬಾಗು ಅಳೆದು ಗೋಡೆಯ ಮೇಲೇ ತಾರೀಖಿನ ಜೊತೆ ಬರೆದಿಡಿ. ಅಳತೆ ಹೆಚ್ಚುತ್ತಾ ಹೋದರೆ ಗೋಡೆಯ ಕೆಳಗೆ ಯಾರನ್ನೂ ಬಿಡದೆ, ಹಿಂದಿನ ಮಣ್ಣನ್ನು ಮೇಲಿನಿಂದ ಇಳಿಸಿ ಭಾರ ತಗ್ಗಿಸಿ, ಇಂಜಿನಿಯರನ್ನು ಕರೆಸಿ.